ಕುಂಕುಮ ಇಟ್ಟ ಮಷೀನು

ನಮ್ಮ ಯಜಮಾನರು ಏಕಾಂತಯ್ಯನವರು ದೊಡ್ಡ ದೈವಭಕ್ತರು. ಗುಬ್ಬಿ ರಸ್ತೆಯ ಅವರ ತೆಂಗಿನಕಾಯಿ ಪೌಡರ್ ಫ್ಯಾಕ್ಟರಿಯಲ್ಲಿ ಊದುಬತ್ತಿ ಹಚ್ಚದೆ ಮಷೀನು ತಿರುಗುತ್ತಿರಲಿಲ್ಲ. ಆಯುಧಪೂಜೆ ಬಂತೆಂದರೆ ಇನ್ನೂ ಜೋರು. ಪೂಜೆಯಾದ ಆಯುಧವನ್ನು ಪೂಜೆ ಮಾಡಿದವರೇ ಮಾರನೇ ದಿನ ಮರುಪೂಜೆ ಮಾಡಿ ಎತ್ತಬೇಕು, ಅಲ್ಲಿಯ ತನಕ ಮುಟ್ಟಿದವರ ಮನೆ ಉದ್ಧಾರವಾಗಲ್ಲ ಎನ್ನುತ್ತಿದ್ದರು. ಹಿಂದಿನ ವರ್ಷ ಕುಂಕುಮ ಇಟ್ಟ ಚಾಕುವಿನಲ್ಲಿ ನಿಂಬೆಹಣ್ಣು ಕೊಯ್ದಳು ಅಂತ ನನ್ನ ಪಕ್ಕ ಕೂರುವ ಸಂಧ್ಯಾಗೆ ಎಲ್ಲರೆದುರು ಮಂಗಳಾರತಿ ಮಾಡಿದ್ದರು. ಆದರೆ ರಜ ಮಾತ್ರ ಕೇಳಬೇಡಿ. ಹಬ್ಬದ ಹಗಲೆಲ್ಲ ನಮ್ಮನ್ನು ದುಡಿಸಿ, ಸಂಜೆ ಮಷೀನು ಆಫ್ ಆದಮೇಲೆ ಪೂಜೆ. ದೇವರಿಗೂ ಅಲ್ಲಿ ಸೆಕೆಂಡ್ ಶಿಫ್ಟೇ.

ನಾನು ಗಂಗಲಕ್ಷ್ಮಮ್ಮ, ಹಾಗಲವಾಡಿ ಕಡೆಯವಳು. ಚಿಪ್ಪು ಬಿಟ್ಟ ಕಾಯಿಯ ಕಂದು ಸಿಪ್ಪೆ ಹೆರೆಯುವುದು ನಮ್ಮ ಹೆಂಗಸರ ಕೆಲಸ. ಹೆರೆದ ಕಾಯಿ ನೀರಿನ ತೊಟ್ಟಿಗೆ ಬೀಳುತ್ತದೆ, ಅಲ್ಲಿಂದ ಗ್ರೈಂಡರಿಗೆ, ಆಮೇಲೆ ಒಣಗಲು ಡ್ರೈಯರಿಗೆ. ಅವತ್ತಿನ ಕಾಯಿ ಅವತ್ತೇ ಪುಡಿಯಾಗಬೇಕು, ಇಲ್ಲದಿದ್ದರೆ ಹುಳಿ ಬರುತ್ತದೆ. ಗ್ರೈಂಡರಿನ ಹತ್ತಿರ ನಮ್ಮ ಕಡೆಯ ಗಂಡಸರು ಯಾರೂ ನಿಲ್ಲಲು ಒಪ್ಪದಿದ್ದರಿಂದ, ಒಡಿಶಾದಿಂದ ಹುಡುಗರನ್ನು ಕರೆಸಿ ಹಿಂದಿನ ಶೀಟಿನ ಮನೆಯಲ್ಲಿ ತುಂಬಿದ್ದರು. ಅವರಲ್ಲಿ ಪ್ರಫುಲ್ಲ ಒಬ್ಬ. ಅವನ ಹೆಂಡತಿ ಮಿನತಿ ನಮ್ಮ ಜೊತೆ ಸಿಪ್ಪೆ ಹೆರೆಯುತ್ತಿದ್ದಳು. ಕನ್ನಡ ಕಲಿತದ್ದು ನನ್ನ ಹತ್ತಿರವೇ, ಅದಕ್ಕೇ ನನ್ನಂತೆಯೇ ಬೈಯುತ್ತಿದ್ದಳು.

ಗ್ರೈಂಡರಿನ ಬಾಯಿಗೆ ಮೊದಲು ಒಂದು ಕಬ್ಬಿಣದ ಮುಚ್ಚಳ ಇತ್ತು. ಅದನ್ನು ತೆಗೆದು ಹಾಕಿ ಮಾಡುವುದರಲ್ಲಿ ಹೊತ್ತು ಹೋಗುತ್ತದೆಂದು, ದೀಪಾವಳಿ ಸ್ವೀಟಿನ ಆರ್ಡರ್ ಬಂದ ಕೂಡಲೇ ಬಿಚ್ಚಿ ಗುಜರಿಗೆ ಹಾಕಿಬಿಟ್ಟರು.

ಆಯುಧಪೂಜೆಯ ಬೆಳಿಗ್ಗೆಯೇ ಆ ಬಾಯಿ ಪ್ರಫುಲ್ಲನ ಬಲಗೈ ಹಿಡಿಯಿತು. ಅವನು ಕೂಗಿದ್ದು ಕೇಳಿ ನಾವು ಓಡಿದೆವು. ಸೂಪರ್‌ವೈಸರ್ ಕಾಂತೇಶ ಸ್ವಿಚ್ ಆಫ್ ಮಾಡಿದ. ಮಿನತಿ ತನ್ನ ಸೆರಗು ಹರಿದು ಗಂಡನ ಕೈಗೆ ಸುತ್ತಿದಳು. ಬಟ್ಟೆ ನೋಡನೋಡುತ್ತಲೇ ತೊಯ್ದು ಹೋಯಿತು.

ಕಾಂತೇಶ ಯಜಮಾನರಿಗೆ ಫೋನ್ ಮಾಡಿದ. ಫೋನ್ ಇಟ್ಟವನು ನಮ್ಮ ಮುಖ ನೋಡಲಿಲ್ಲ.

“ಮೆಡಿಕಲ್ ಸ್ಟೋರಲ್ಲಿ ಪಟ್ಟಿ ಕಟ್ಸಿ, ರೈಲು ಹತ್ತಿಸ್ಬೇಕಂತೆ. ಆಸ್ಪತ್ರೆಗೆ ಹೋದ್ರೆ ಪೊಲೀಸು, ಲೇಬರ್ ಆಫೀಸು ಅಂತ ಬರ್ತಾರಂತೆ. ಊರಲ್ಲೇ ತೋರಿಸ್ಕಳ್ಲಿ ಅಂದ್ರು.”

ಅವರ ಊರು ದೇಶದ ಆ ತುದಿಗಿದೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಕೈ ಏನಾಗುತ್ತದೆ ಎಂದು ಹೇಳಲು ಡಾಕ್ಟರೇ ಬೇಕಿಲ್ಲ.

“ಅಕ್ಕ, ಟ್ರೈನ್ ಬೇಡ. ಕೈ ಹೋಯ್ತದೆ,” ಎಂದಳು ಮಿನತಿ.

ನನಗೆ ಮೈಯೆಲ್ಲ ಉರಿದುಹೋಯಿತು. ಸಂಜೆಯ ಪೂಜೆಗೆಂದು ಆಫೀಸಿನಲ್ಲಿ ತಟ್ಟೆ, ಬೂದುಗುಂಬಳಕಾಯಿ ಜೋಡಿಸಿಟ್ಟಿದ್ದರು. ಹೋಗಿ ಎತ್ತಿಕೊಂಡು ಬಂದೆ.

“ಪೂಜೆ ಸಂಜೆಗೆ ಕಣಕ್ಕ,” ಎಂದ ಕಾಂತೇಶ.

“ಆಯುಧ ಆಗ್ಲೇ ರಕ್ತ ಕುಡೀತು ಕಣ್ಲಾ. ಇನ್ನು ಸಂಜೆಗಂಟ ಕಾಯ್ತದಾ?”

ಮಷೀನಿಗೆ ವಿಭೂತಿ ಬಳಿದೆ. ರಕ್ತ ಒರೆಸಲಿಲ್ಲ, ಅದರ ಪಕ್ಕದಲ್ಲೇ ಕುಂಕುಮ ಇಟ್ಟೆ. ಸ್ವಿಚ್ಚಿಗೂ ಇಟ್ಟು ಚೆಂಡುಹೂವು ಸಿಕ್ಕಿಸಿದೆ. ಹೆಂಗಸರು ಬೂದುಗುಂಬಳಕಾಯಿ ಒಡೆಯಬಾರದಂತೆ. ಎತ್ತಿ ನೆಲಕ್ಕೆ ಅಪ್ಪಳಿಸಿದೆ. ಸಂಧ್ಯಾ ತನ್ನ ಚಾಕು ತಂದು ಮಷೀನಿನ ಮುಂದಿಟ್ಟು, “ಇದಕ್ಕೂ ಇಡು,” ಎಂದಳು. ಆಮೇಲೆ ಒಬ್ಬೊಬ್ಬರೇ ಬಂದು ಎಲ್ಲ ಚಾಕುಗಳನ್ನೂ ಇಟ್ಟರು.

ಒಡಿಶಾ ಹುಡುಗರಿಗೆ ನಮ್ಮ ಭಾಷೆ ಅಷ್ಟಕ್ಕಷ್ಟೆ. ಆದರೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅವರ ಕಡೆ ವಿಶ್ವಕರ್ಮ ಪೂಜೆಯ ದಿನ ಮಷೀನು ಮುಟ್ಟುವುದಿಲ್ಲ. ಹಿಂದಿನ ತಿಂಗಳು ಅದಕ್ಕೆ ರಜ ಕೇಳಿ ಬೈಸಿಕೊಂಡಿದ್ದರು. ಅವರಲ್ಲೊಬ್ಬ ಹೋಗಿ ಡ್ರೈಯರ್ ಆಫ್ ಮಾಡಿ, ಕೈಮುಗಿದು ನಮ್ಮ ಪಕ್ಕ ಕುಳಿತ. ಉಳಿದವರೂ ಬಂದು ಕುಳಿತರು.

ಕಾಂತೇಶ ಮತ್ತೆ ಫೋನ್ ಮಾಡಿದ. ಯಜಮಾನರು ಕಾರಿನಿಂದ ಇಳಿದು ಸಿಟ್ಟಿನಲ್ಲೇ ಬಂದರು. ಮಷೀನಿನ ಮೇಲೆ ಹೂವು ಕಂಡದ್ದೇ, ತಮಗೇ ಗೊತ್ತಿಲ್ಲದಂತೆ ಚಪ್ಪಲಿ ಬಿಟ್ಟರು.

“ಯಾರು ಮಾಡಿದ್ದು ಇದ್ನ?”

“ನಾನೇ ಯಜಮಾನ್ರೆ.”

“ತೊಟ್ಟೀಲಿರೋ ಕಾಯಿ ಏನಾಗ್ಬೇಕು?”

“ಹುಳಿ ಬತ್ತವೆ.”

“ಕಾಂತೇಶ, ಮಷೀನ್ ಹಾಕು.”

ಕಾಂತೇಶ ಸ್ವಿಚ್ಚಿನ ಮೇಲಿನ ಕುಂಕುಮ ನೋಡಿದ. “ಸಾರ್, ಮನೇಲಿ ಮಕ್ಕಳು ಮರಿ ಅವೆ. ನೀವೇ ಹಾಕಿ.”

ಯಜಮಾನರು ಕೈ ಚಾಚಿದರು. ಹೂವಿನ ಹತ್ತಿರ ಬಂದ ಕೈ ಅಲ್ಲೇ ನಿಂತಿತು, ಆಮೇಲೆ ಜೇಬಿಗೆ ಹೋಯಿತು.

“ಈಗ್ಲೇ ಮರುಪೂಜೆ ಮಾಡು.”

“ಮಾಡ್ತೀನಿ. ಮೊದ್ಲು ಇವ್ನ ಕೈ ದೊಡ್ಡಾಸ್ಪತ್ರೆ ಡಾಕ್ಟ್ರು ನೋಡ್ಬೇಕು. ನಿಮ್ ಮಷೀನಲ್ಲಿ ಹೋಗಿದ್ದು ಅಂತ ಅಲ್ಲಿ ಬರೀಬೇಕು. ಆಮೇಲೆ ಇದಕ್ಕೆ ಮುಚ್ಚಳ ಬರ್ಬೇಕು.”

“ನಾಳೆಯಿಂದ ಕೆಲಸಕ್ಕೆ ಬರ್ಬೇಡ ನೀನು.”

“ಆಗ್ಲಿ ಬುಡಿ. ಪೂಜೆ ಕಟ್ಟಿದೋಳೇ ಬಿಚ್ಬೇಕು. ನಾನಿಲ್ದೆ ಯಾರ್ ಬಿಚ್ತಾರೋ ನೋಡ್ಕಳಿ.”

ಪ್ರಫುಲ್ಲ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದ. ಯಜಮಾನರು ಅವನನ್ನು ನೋಡಿದರೋ, ತೊಟ್ಟಿಯನ್ನು ನೋಡಿದರೋ, ಕಾರಿನ ಕೀಲಿ ತೆಗೆದು ಕಾಂತೇಶನಿಗೆ ಕೊಟ್ಟರು. ಮಿನತಿಯ ಜೊತೆ ನಾನೂ ಹತ್ತಿದೆ. ಇಲ್ಲದಿದ್ದರೆ ಆ ಕಾರು ರೈಲ್ವೆ ಸ್ಟೇಷನ್ನಿನ ಕಡೆಗೇ ತಿರುಗುತ್ತಿತ್ತು.

ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದರು. ಬಸ್ಸಿನ ಬಾಗಿಲಿಗೆ ಸಿಕ್ಕಿತು ಎಂದು ಕಾಂತೇಶ ಶುರು ಮಾಡಿದ. ನಾನು ಬಾಯಿ ತೆಗೆಯುವ ಮೊದಲೇ ಮಿನತಿ ಅವನನ್ನು ಪಕ್ಕಕ್ಕೆ ತಳ್ಳಿದಳು.

“ಬಸ್ ಅಲ್ಲ. ಫ್ಯಾಕ್ಟರಿ. ಏಕಾಂತಯ್ಯನ ಮಷೀನು. ಮುಚ್ಚಳ ಇಲ್ಲ. ಬರೀರಿ.”

ಡಾಕ್ಟರು ಬರೆದರು. ಎರಡು ಬೆರಳು ಉಳಿಯಲಿಲ್ಲ, ಕೈ ಉಳಿಯಿತು. ಆ ಬೆರಳುಗಳಿಗಾಗಿ ನಾನು ವರಾಂಡದಲ್ಲಿ ಕೂತು ಅತ್ತೆ.

ಮಾರನೇ ಬೆಳಿಗ್ಗೆ ಬರಬೇಡ ಎಂದಿದ್ದ ಕೆಲಸಕ್ಕೆ ಹೋದೆ. ಯಾರೂ ತಡೆಯಲಿಲ್ಲ. ಹುಡುಗರೂ ಹೆಂಗಸರೂ ಮಷೀನಿನ ಮುಂದೆ ಕುಳಿತಿದ್ದರು, ನಾನೂ ಕುಳಿತೆ. ಕಾಂತೇಶ ಮರುಪೂಜೆಯ ತಟ್ಟೆ ಹಿಡಿದು ಬಂದ. ಅವನ ಹಿಂದೆ ಯಜಮಾನರು.

“ಮುಚ್ಚಳ ಎಲ್ಲಿ?” ಎಂದೆ.

“ವೆಲ್ಡಿಂಗ್ ಅಂಗಡಿ ಬಾಗ್ಲು ಹಾಕೈತೆ ಕಣಕ್ಕ. ಅವರೂ ಪೂಜೆ ಮಾಡಿ ಮಡಗವ್ರೆ.”

“ಮತ್ತೆ? ಆಯುಧ ಮುಟ್ಟಂಗಿಲ್ವಲ್ಲ, ಪಾಪ. ಅವರೂ ಮರುಪೂಜೆ ಮಾಡ್ಕಂಡು ಬರ್ಲಿ. ಕಾಯಾನ.”

ಸಂಧ್ಯಾ ಕಿಸಕ್ಕನೆ ನಕ್ಕಳು. ತೊಟ್ಟಿಯ ಕಾಯಿ ಹುಳಿಯಾಗಿ ನೊರೆ ಎದ್ದು, ವಾಸನೆ ಶೆಡ್ಡು ತುಂಬಿತ್ತು. ಯಜಮಾನರು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡರು. ನಮ್ಮಲ್ಲಿ ಒಬ್ಬರೂ ಮುಚ್ಚಿಕೊಳ್ಳಲಿಲ್ಲ.