ಮುನಿಶಾಮಪ್ಪನ ಬಲಗಡೆ ಮತ್ತು ಶಿಡ್ಲಘಟ್ಟದ ಬಸ್ಸು

ಒಂದೇ ಗಾಲಿಯ ರಥವನ್ನೇರಿಯೂ ತನ್ನ ಪಥದಿಂದ ಅಂಗುಲದಷ್ಟೂ ಅತ್ತಿತ್ತ ಸರಿಯದ ಸೂರ್ಯನಾರಾಯಣನಿಗೆ ನಮಿಸಿ, ಎರಡು ಗಾಲಿಗಳಿದ್ದೂ ದಾರಿ ತಪ್ಪಿದವನೊಬ್ಬನ ಕಥೆಯನ್ನು ಹೇಳುತ್ತೇನೆ.

ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಗೆ ಡಾಂಬರು ಬಿದ್ದು ಎರಡು ವರ್ಷವಾಗಿತ್ತು. ಆ ರಸ್ತೆಯ ಹಳ್ಳಿಯೊಂದರ ರೇಷ್ಮೆ ಬೆಳೆಗಾರ ಮುನಿಶಾಮಪ್ಪನು ಮಹಾ ಆಚಾರವಂತ. ಹೊಸ್ತಿಲನ್ನು ಬಲಗಾಲಿಟ್ಟು ದಾಟುವನು. ಹುಳುಗಳಿಗೆ ಸೊಪ್ಪನ್ನು ಬಲಗೈಯಿಂದಲೇ ಹಾಕುವನು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಗೂಡು ಮಾರಲು ಸೈಕಲ್ಲೇರಿದಾಗಲೂ, ಶುಭಕಾರ್ಯಕ್ಕೆ ಎಡಗಡೆ ಸಲ್ಲದೆಂದು ರಸ್ತೆಯ ಬಲಬದಿಯಲ್ಲೇ ಹೋಗುತ್ತಿದ್ದನು. ಡಾಂಬರಿನ ಎಡಕ್ಕೆ ಸೈಕಲ್ಲಿಗೆಂದೇ ಬಿಟ್ಟಿದ್ದ ಮಣ್ಣಿನ ಹಾದಿ ಅವನಿಗೆ ಅಪಶಕುನ.

ಒಂದು ಸೋಮವಾರ ಗೂಡಿನ ಬುಟ್ಟಿ ಕಟ್ಟಿಕೊಂಡು ಹೊರಟಾಗ ಎದುರಿನಿಂದ ಬಸ್ಸು ಬಂದಿತು. ಡ್ರೈವರು ತನ್ನ ಎಡಕ್ಕಿದ್ದನು, ಮುನಿಶಾಮಪ್ಪನು ತನ್ನ ಬಲಕ್ಕಿದ್ದನು. ಅಂದರೆ ಇಬ್ಬರೂ ಒಂದೇ ಕಡೆ. ಬಸ್ಸು ನಿಂತಿತು. ಮುನಿಶಾಮಪ್ಪನು ನಿಲ್ಲದೆ ರಸ್ತೆಯ ಪಕ್ಕದ ಕೆರೆಯ ಕೆಸರಿಗಿಳಿದನು. ಒಂದು ಮಂಕರಿ ಗೂಡು ಹಾಳಾಯಿತು. ಮನೆಯಲ್ಲಿ ಉಳಿದದ್ದು ಇನ್ನೊಂದೇ ಮಂಕರಿ. ಮರುದಿನ ಮಾರದಿದ್ದರೆ ಚಿಟ್ಟೆಗಳು ಗೂಡನ್ನು ಕೊರೆದು ಹೊರಬರುವುವು. ಕೊರೆದ ಗೂಡಿನಿಂದ ನೂಲು ಬಾರದು. ಆ ಸಲದ ಬೆಳೆಯೆಲ್ಲ ವ್ಯರ್ಥ.

ಸಂಜೆ ಹೆಂಡತಿ ಅಕ್ಕಯ್ಯಮ್ಮ ಗ್ರಾಮಸೇವಕ ಚನ್ನಕೇಶವನನ್ನು ಕರೆತಂದಳು.

“ಎಡಗಡೆ ಹೋಗಿ ಅಂದ್ರೆ ಕೇಳಲ್ಲಪ್ಪ. ಬಲಗಡೆ ಹೋಗಿ ಕೆರೇಲಿ ಪುಣ್ಯಸ್ನಾನ ಮಾಡ್ಕೊಂಡು ಬಂದವ್ರೆ ನಮ್ಮೆಜಮಾನ್ರು.”

ಮುನಿಶಾಮಪ್ಪನು ಆ ಡ್ರೈವರಿಗೇ ಆಚಾರವಿಲ್ಲವೆಂದು ದೂರಿದನು. ಚನ್ನಕೇಶವನು ನಿಯಮವನ್ನು ತಿಳಿಸಿದನು. ಮಣ್ಣಿನ ಹಾದಿಯಿರುವಲ್ಲಿ ಸೈಕಲ್ಲು ಅದರಲ್ಲೇ ಹೋಗಬೇಕು. ಹಾದಿ ಕಿತ್ತುಹೋಗಿದ್ದರೆ, ಅಥವಾ ಅಲ್ಲಿ ಯಾರೋ ಹುರುಳಿ ಹರಡಿದ್ದರೆ, ಹಿಂದೆ ನೋಡಿ, ಕೈ ತೋರಿಸಿ, ಡಾಂಬರಿನ ಎಡ ಅಂಚಿಗೆ ಬರಬೇಕು. ಮುನಿಶಾಮಪ್ಪನು ಎಲ್ಲವನ್ನೂ ಕೇಳಿದನು, ಒಪ್ಪಲಿಲ್ಲ.

“ಮುನಿಶಾಮಣ್ಣ, ಗುಡೀಲಿ ಪ್ರದಕ್ಷಿಣೆ ಹಾಕ್ತೀಯಲ್ಲ, ಸ್ವಾಮಿ ನಿನಗೆ ಯಾವ ಕಡೆ ಇರ್ತಾನೆ?” ಎಂದನು ಚನ್ನಕೇಶವ.

“ಬಲಗಡೆ. ಇದೇನಯ್ಯ ಕೇಳ್ತೀಯ?”

“ದೊಡ್ಡೋರನ್ನ ಬಲಕ್ಕಿಟ್ಕೊಂಡು ಹೋಗೋದು ಮರ್ಯಾದೆ. ರಸ್ತೇಲಿ ಬಸ್ಸಿಗಿಂತ ದೊಡ್ಡೋರು ಯಾರಣ್ಣ? ಹಿಂದಿಂದ ಬರ್ಲಿ, ಮುಂದಿಂದ ಬರ್ಲಿ, ನೀನು ಎಡಕ್ಕಿದ್ರೆ ತಾನೆ ಅದು ನಿನ್ನ ಬಲಕ್ಕೆ ಬರೋದು?”

ಮುನಿಶಾಮಪ್ಪನು ನಡುಮನೆಯ ಕಂಬವನ್ನೇ ಬಸ್ಸೆಂದು ಭಾವಿಸಿ ಎರಡು ಸುತ್ತು ಬಂದನು. ಕಂಬ ಬಲಕ್ಕೇ ಇತ್ತು.

“ಇಷ್ಟು ದಿನ ಅಪ್ರದಕ್ಷಿಣೆ ಮಾಡ್ದಂಗಾಯ್ತಲ್ಲೇ” ಎಂದು ಹೆಂಡತಿಯ ಮುಖ ನೋಡಿದನು.

ಮಂಗಳವಾರ ಮಂಕರಿಯನ್ನು ಬಿಗಿದು ಎಡದ ಹಾದಿಯಲ್ಲೇ ಹೊರಟನು. ಅದೇ ಬಸ್ಸು ಎದುರಾಗಿ ಅವನ ಬಲಗಡೆಯಿಂದ ಸುಖವಾಗಿ ಸಾಗಿತು. ಮುನಿಶಾಮಪ್ಪನು ಭಕ್ತಿಯಿಂದ ಎರಡು ಕೈಗಳನ್ನೂ ಎತ್ತಿ ಮುಗಿದನು. ಸೈಕಲ್ಲು ಓಲಾಡಿತು, ಮಂಕರಿ ವಾಲಿತು. ಡ್ರೈವರು ತಲೆ ಹೊರಗೆ ಹಾಕಿ ಹೇಳಿದನು: “ನಮಸ್ಕಾರ ಮನಸ್ನಲ್ಲೇ ಮಾಡಪ್ಪ, ಹ್ಯಾಂಡ್ಲು ಹಿಡ್ಕೊ.”

ಚಿಟ್ಟೆ ಹೊರಡುವ ಮೊದಲೇ ಗೂಡು ಮಾರುಕಟ್ಟೆ ಸೇರಿತು.

ಸೈಕಲ್ಲುಳ್ಳ ಮಹನೀಯರೇ, ನಿಮಗೆಂದು ಹಾದಿಯಿರುವಲ್ಲಿ ಅದನ್ನೇ ಹಿಡಿಯಿರಿ. ಇಲ್ಲದಲ್ಲಿ ಡಾಂಬರಿನ ಎಡ ಅಂಚನ್ನು ಬಿಡಬೇಡಿರಿ. ಆ ಹಾದಿಯಲ್ಲಿ ಹುರುಳಿ ಹರಡುವವರೂ ಈ ಮಾತನ್ನು ಕೇಳಿಸಿಕೊಳ್ಳಲಿ. ಇದನ್ನು ಓದಿದವರ, ಕೇಳಿದವರ ಗಾಲಿಗಳು ನೆಟ್ಟಗೆ ಉರುಳಲಿ. ಬೆಳಗ್ಗೆ ಮನೆಯಿಂದ ಹೊರಟವರೆಲ್ಲರೂ ಸಂಜೆ ತಮ್ಮ ಹೊಸ್ತಿಲನ್ನು, ಬಲಗಾಲಿಟ್ಟೇ, ದಾಟುವಂತಾಗಲಿ.