ಎಳ್ಳಿನ ತಂಬಿಟ್ಟು

ಸಿಡುಬು ಬಾರದಂತೆ ತೋಳು ಗೀರಿ ದಾಕು ಹಾಕಲು ಹುಣಸೂರಿನಿಂದ ಬಂದ ಖದೀರನನ್ನು ಮಾರಿಗುಡಿಯ ಕಂಬಕ್ಕೆ ಕಟ್ಟಿದ್ದರು. ನೆನ್ನೆ ಸತ್ತ ಕೂಸು ಮಂಗಳಗೌರಿಯ ಗುಣಿಗೆ ಎಳೆದ ಮಣ್ಣು ಇನ್ನೂ ಹಸಿಯಾಗಿತ್ತು. ಮಗು ಏಕೆ ಸತ್ತಿತೆಂದು ಕೇಳುವುದಕ್ಕಿಂತ, ಕಟ್ಟಿಹಾಕಲು ಒಬ್ಬ ಮನುಷ್ಯನನ್ನು ಹಿಡಿದು ತರುವುದು ಊರಿನ ದೊಡ್ಡವರಿಗೆ ಸಲೀಸು.

"ನೆನ್ನೆ ಬೆಳಿಗ್ಗೆ ತೋಳು ಗೀರ್ದ, ಮದ್ಯಾನ್ಕೆ ಕೂಸು ಓಯ್ತು. ಇನ್ನೇನ್ ಸಾಕ್ಷಿ ಬೇಕ್ಲಾ?" ಪಟೇಲ ಸಿದ್ದಮಲ್ಲಪ್ಪ ಜಗಲಿಯಿಂದ ಕೂಗಿದ. "ಇನ್ಮೇಲೆ ಈ ಊರಿಗೆ ದಾಕು ಕಾಲಿಡಕೂಡ್ದು."

ಆ ಮಾತಿಗೆ ಗೌರಿಯ ತಾಯಿ ಶಿವನಂಜಮ್ಮ ಜಗಲಿಯತ್ತ ಒಂದು ಹೆಜ್ಜೆ ಮುಂದೆ ಬಂದಳು. ಉಳಿದ ಒಬ್ಬನೇ ಮಗ ಅವಳ ಕಂಕುಳಲ್ಲಿದ್ದ. ಮೈ ಬೆಚ್ಚಗಿದೆ, ನಾಳೆ ಹಾಕುತ್ತೇನೆಂದು ಖದೀರನೇ ನೆನ್ನೆ ಅವನನ್ನು ಬಿಟ್ಟಿದ್ದ. ಸಾಲಿಗ್ರಾಮದ ಕಡೆ ಸಿಡುಬು ಹೊಕ್ಕ ಮನೆಗಳ ಬಾಗಿಲಿಗೆ ಆಗಲೇ ಬೇವು ಏರಿತ್ತು.

ಗೌರಿ ಹೇಗೆ ಸತ್ತಳೆಂದು ಅವಳಿಗೆ ಗೊತ್ತಿತ್ತು. ದಾಕು ಹಾಕಿಸಿದರೆ ಅಮ್ಮ ಮುನಿಯುತ್ತಾಳೆ, ಮುನಿಸು ಇಳಿಸಲು ಮಕ್ಕಳ ಬಾಯಿಗೆ ಮಾರಮ್ಮನ ತಂಬಿಟ್ಟು ಹಾಕಬೇಕು ಎಂಬುದು ಊರ ವಾಡಿಕೆ. ನೆನ್ನೆ ದಾಕು ಹಾಕಿಸಿದ ಮೇಲೆ ಅತ್ತೆ ಶಿವರುದ್ರಮ್ಮ ಸೆರಗಿನ ಗಂಟು ಬಿಚ್ಚಿ, ಎಳ್ಳು ಹುರಿದು ಹಾಕಿದ ತಂಬಿಟ್ಟನ್ನು ಗೌರಿಗೆ ತಿನ್ನಿಸಿದ್ದಳು. ನುಂಗಿದ್ದೇ ತಡ ತುಟಿ ಊದಿತು, ಮೈತುಂಬ ದದ್ದು ಎದ್ದಿತು, ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತು. ಹೋದ ಸಂಕ್ರಾಂತಿಯಲ್ಲಿ ಎಳ್ಳುಬೆಲ್ಲ ತಿಂದಾಗಲೂ ಮುಖ ಹೀಗೇ ಊದಿತ್ತು. ಆಗ ಕೆಟ್ಟ ಕಣ್ಣೆಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ಸುಮ್ಮನಾಗಿದ್ದರು.

"ದಾಕಲ್ಲ ಕಣ್ರಪ್ಪಾ, ಎಳ್ಳು," ಎಂದಳು ಶಿವನಂಜಮ್ಮ.

"ಬಾಯ್ಮುಚ್ಚೇ!" ಅತ್ತೆ ಚೀರಿದಳು. "ಅಮ್ಮನ ಪ್ರಸಾದಕ್ಕೆ ಕೊಲೆ ಅಂಟುಸ್ತೀಯಾ? ನಾನು ತಿಂದಿಲ್ವಾ? ಊರೇ ತಿಂದಿಲ್ವಾ?"

"ಊರಿಗೆ ಒಗ್ತದೆ ಅತ್ತೆ, ನನ್ ಮಗೀಗೆ ಒಗ್ನಿಲ್ಲ. ಸಂಕ್ರಾಂತೀಲೇ ಅದರ ಮೈ ಏಳ್ತು, ನಾವು ಕೇಳ್ನಿಲ್ಲ. ನೆನ್ನೆ ನಾನೂ ನಿಮ್ ಕೈ ಇಡೀನಿಲ್ಲ."

ಪಟೇಲ ನಕ್ಕ. "ಸಾಬಿ ಏನ್ ಕೊಟ್ನವ್ವಾ ನಿಂಗೆ, ಈ ಪಾಟಿ ವಕಾಲತ್ತು?"

"ನಿಮ್ ಮೊಮ್ಮಗನೂ ನೆನ್ನೆ ಇವರ ಕೈಲೇ ಆಕುಸ್ಕಂಡ ಪಟೇಲ್ರೇ. ಅದೇ ಮದ್ದು, ಅದೇ ಸೂಜಿ. ಅಗೋ, ಕಟ್ಟೆ ಮ್ಯಾಲೆ ಕುಣೀತಾವ್ನೆ."

ಎಲ್ಲರ ಕಣ್ಣೂ ಆ ಹುಡುಗನತ್ತ ಹೊರಳಿದವು. ಪಟೇಲನ ನಗು ಆರಿತು. ಶಿವನಂಜಮ್ಮ ಯಾರ ಅಪ್ಪಣೆಯನ್ನೂ ಕೇಳದೆ ಹಗ್ಗ ಬಿಚ್ಚಿ, ಮಗನನ್ನು ಮುಂದೊಡ್ಡಿದಳು.

"ಆಕಿ ಖದೀರಣ್ಣ."

ಖದೀರ ಬಾವು ಬಂದ ಕೈಯಿಂದ ಮಗುವಿನ ಹಣೆ ಮುಟ್ಟಿದ. "ಜ್ವರ ಬಿಟ್ಟೈತೆ. ಮೈಮ್ಯಾಲೆ ಕಜ್ಜಿಗಿಜ್ಜಿ ಐತೇನವ್ವಾ? ಇದ್ರೆ ಇವತ್ತೂ ಬ್ಯಾಡ."

ಅವಳು ಅಂಗಿ ಕಳಚಿ ಮಗುವನ್ನು ಹಿಂದೆ ಮುಂದೆ ತಿರುಗಿಸಿದಳು, ಅವನಿಗೂ ಊರಿಗೂ ಕಾಣುವ ಹಾಗೆ. "ನೋಡ್ಕಳ್ರಿ, ಎಲ್ರೂ ನೋಡ್ಕಳ್ರಿ."

ಸೂಜಿ ತೋಳು ಗೀರಿತು. ಮಗು ಕಿರುಚಿ ಅತ್ತಿತು. ಗೌರಿ ಅಳಲೂ ಉಸಿರಿಲ್ಲದೆ ಹೋಗಿದ್ದಳು.

ಶಿವರುದ್ರಮ್ಮನ ಕೈ ವಾಡಿಕೆಯಂತೆ ಸೆರಗಿನ ಗಂಟಿಗೆ ಹೋಯಿತು. ಸೊಸೆ ಅವಳನ್ನೇ ನೋಡುತ್ತಿದ್ದಳು. ಮುದುಕಿ ಗಂಟು ಬಿಚ್ಚಲಿಲ್ಲ.