ಹಗೇವಿನೊಳಗಿನ ಸ್ಪೀಕರ್

ಬಂಡು ಮತ್ತು ಅವನ ಅಣ್ಣ ಜಯತೀರ್ಥ ಒಂದೇ ಮನೆಯಲ್ಲಿದ್ದುಕೊಂಡು ಮಾತು ಬಿಟ್ಟು ಆರು ವರ್ಷವಾಗಿತ್ತು. ಅಪ್ಪ ತೀರಿಕೊಂಡ ಒಂಬತ್ತನೆಯ ದಿನ ಬಂಡು ಸೂತಕದಲ್ಲೇ ಸೇಡಂನ ಮದುವೆಯೊಂದಕ್ಕೆ ಆರ್ಕೆಸ್ಟ್ರಾದವರ ಜೊತೆ ಗಿಟಾರ್ ನುಡಿಸಲು ಹೋಗಿದ್ದ. ಮೊದಲೇ ಒಪ್ಪಿಕೊಂಡ ಕಾರ್ಯಕ್ರಮ, ತಾನಿಲ್ಲದಿದ್ದರೆ ನಡೆಯುತ್ತಿರಲಿಲ್ಲ ಎಂಬುದು ಅವನ ಸಮಜಾಯಿಷಿ. ತಿರುಗಿ ಬಂದಾಗ ಜಯತೀರ್ಥ ಬಾಗಿಲಿಗೆ ಅಡ್ಡ ನಿಂತು, ತಮ್ಮನ ಮುಖ ನೋಡದೆ ಹೆಂಡತಿ ಮುಕ್ತಾಬಾಯಿಗೆ ಹೇಳಿದ: "ಅವಗ ಹೇಳು, ತಲಿ ಮ್ಯಾಲೆ ನೀರು ಹಾಕ್ಕೊಳ್ಳದ ಹೊಸ್ತಿಲಾ ದಾಟಬಾರದು ಅಂತ."

ಅಂದಿನಿಂದ ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನೆಲ್ಲ ಮುಕ್ತಾಬಾಯಿಯೇ ಒಯ್ದು ಮುಟ್ಟಿಸುತ್ತಿದ್ದಳು. ನಳಕ್ಕೆ ನೀರು ಬಂದದ್ದು, ಅಪ್ಪನ ಶ್ರಾದ್ಧದ ತಿಥಿ, ಮಾಳಿಗೆ ಸೋರುವುದು, ಎಲ್ಲವೂ ಅವಳ ಬಾಯಿಂದಲೇ.

ಬಂಡು ಹಗಲು ಕೋರ್ಟಿನಲ್ಲಿ ಟೈಪಿಸ್ಟ್. ಮೂವತ್ತಾರು ದಾಟಿತ್ತು, ಮದುವೆಯಾಗಿರಲಿಲ್ಲ. ಕಲಬುರಗಿಯ ಬ್ರಹ್ಮಪುರದ ಆ ಹಳೆಯ ಮನೆಯಲ್ಲಿ ಪಡಸಾಲೆಗೆ ಅಂಟಿಕೊಂಡ ಕೋಣೆ ಅವನದು. ಪಡಸಾಲೆಯಲ್ಲಿ ಜಯತೀರ್ಥ ದಿನಾ ಸಂಜೆ ಐದರಿಂದ ಆರೂವರೆಯವರೆಗೆ ಶಾಸ್ತ್ರಪಾಠ ಹೇಳುತ್ತಿದ್ದ. ಏಳೆಂಟು ಮಂದಿ ಬರುತ್ತಿದ್ದರು, ಹೆಚ್ಚಿನವರು ನಿವೃತ್ತರು. ಬಂಡು ಕೋರ್ಟಿನಿಂದ ಬರುವುದೂ ಅದೇ ಹೊತ್ತಿಗೆ. ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ.

1992ರಲ್ಲಿ ಹೈದರಾಬಾದಿನ ಆರ್ಕೆಸ್ಟ್ರಾವೊಂದು ಮುಚ್ಚಿದಾಗ ಬಂಡು ಅಲ್ಲಿಂದ ವಾಲ್ವಿನ ಆಂಪ್ಲಿಫೈಯರ್ ಒಂದನ್ನು ತಂದ. ಅದನ್ನು ರಿಪೇರಿ ಮಾಡಿಕೊಟ್ಟವನು ಸ್ಟೇಶನ್ ಬಜಾರಿನ ವಹಾಬ್. ಹಳೆಯ ವಾಲ್ವ್ ರೇಡಿಯೋಗಳ ಕೆಲಸ ಗೊತ್ತಿದ್ದವರು ಊರಿನಲ್ಲಿ ಅವನೊಬ್ಬನೇ ಉಳಿದಿದ್ದ. ಹಿಂದಿನ ಹಲಗೆ ತೆಗೆದರೆ ಒಳಗೆ ನಾಲ್ಕು ಗಾಜಿನ ವಾಲ್ವುಗಳು ಕೆಂಪಗೆ ಉರಿಯುತ್ತಿದ್ದವು. ವಾಲ್ಯೂಮ್ ಎರಡಕ್ಕೋ ಮೂರಕ್ಕೋ ಇಟ್ಟರೆ ನೆಗಡಿಯಾದವನ ದನಿ. ಏಳು ದಾಟಿತೆಂದರೆ ಮಾತ್ರ ತಂತಿಯ ನಾದ ದಪ್ಪಗಾಗಿ, ಅಂಚಿನಲ್ಲಿ ಸ್ವಲ್ಪ ಒಡೆದು, ಬಹಳ ಹೊತ್ತು ನಿಲ್ಲುತ್ತಿತ್ತು. ಬಂಡುವಿಗೆ ಬೇಕಾಗಿದ್ದದ್ದು ಆ ದನಿ.

"ಇದಕ್ಕ ಧೀಮೆ ಬಜಾಯಿಸೋದು ಗೊತ್ತಿಲ್ಲ ಪಂಡಿತಜೀ," ಅಂದಿದ್ದ ವಹಾಬ್. "ಚೀರಿದ್ರನ ಇದು ಹಾಡ್ತದ."

ಮೊದಲ ದಿನವೇ ಪಡಸಾಲೆಯ ಮಾಡದಲ್ಲಿದ್ದ ಪಂಚಪಾತ್ರೆ ಉದ್ಧರಣೆ ಗಲಗಲ ಅಲ್ಲಾಡಿದವು. ಮುಕ್ತಾಬಾಯಿ ಬಂದು ಹೇಳಿದಳು: "ಗ್ವಾಡಿ ನಡಗ್ಲಿಕತ್ತದಂತ ಬಂಡು. ಪಾಠಕ್ಕ ಬಂದವರು ಎದ್ದು ಹೋಗ್ಲಿಕತ್ತಾರ."

"ಅವಗ ಹೇಳ್ರಿ ವೈನಿ, ಈ ಗ್ವಾಡಿ ಒಳಗ ನಂದೂ ಅರ್ಧ ಅದ ಅಂತ."

ಅವಳು ಅದನ್ನೂ ಹೇಳಿದಳು. ಮಾರನೆಯ ಸಂಜೆ ಬಂಡು ಬರುವಷ್ಟರಲ್ಲಿ ಅವನ ಕೋಣೆಯ ಫ್ಯೂಜ್ ತೆಗೆದಿತ್ತು. ಅವನು ಹಾಕಿದ, ಅಣ್ಣ ತೆಗೆದ. ಮತ್ತೊಂದು ದಿನ ಬಂಡು ಅಂಗಳದಲ್ಲಿ ಒಣಹಾಕಿದ್ದ ಅಣ್ಣನ ಮಡಿಬಟ್ಟೆಯನ್ನು ಬೇಕೆಂದೇ ಮುಟ್ಟಿ, ಮುಟ್ಟಿದೆನೆಂದು ವೈನಿಯ ಕೈಲಿ ಹೇಳಿಕಳಿಸಿದ. ಜಯತೀರ್ಥ ಪೊಲೀಸ್ ಠಾಣೆಗೆ ಅರ್ಜಿ ಬರೆದುಕೊಟ್ಟ. ಪೊಲೀಸಿನವನೊಬ್ಬ ಬಂದು, ಅಣ್ಣತಮ್ಮರ ನಡುವಿನ ವಿಷಯ ಎಂದು ತಿಳಿದು, ಚಹಾ ಕುಡಿದು ಹೋದ.

ಹಾಗೆಂದು ಬಂಡು ಸದ್ದು ತಗ್ಗಿಸಲು ಪ್ರಯತ್ನಿಸಲಿಲ್ಲವೆಂದಲ್ಲ. ಹೈದರಾಬಾದಿನ ಕ್ಯಾಸೆಟ್ ಕಂಪನಿಯವನೊಬ್ಬ ಅವನು ನುಡಿಸಿದ್ದನ್ನು ಕೇಳಿ ಮೆಚ್ಚಿ, ನಾಲ್ಕು ಧುನ್ ರೆಕಾರ್ಡ್ ಮಾಡಿ ಕಳಿಸು ಎಂದಿದ್ದ. ನೆಮ್ಮದಿಯಾಗಿ ರೆಕಾರ್ಡ್ ಮಾಡಲು ಸಮಾಧಾನದ ಜಾಗ ಬೇಕಿತ್ತು. ಕಪನೂರಿನ ವರ್ಕ್‌ಶಾಪ್ ಒಂದರಲ್ಲಿ ದಪ್ಪ ಹಲಗೆಯ ಪೆಟ್ಟಿಗೆ ಮಾಡಿಸಿ, ಒಳಗೆ ಹಳೆಯ ಗಾದಿಯ ಹತ್ತಿ ತುಂಬಿ, ಸ್ಪೀಕರನ್ನೂ ಮೈಕನ್ನೂ ಅದರಲ್ಲಿಟ್ಟು ಮುಚ್ಚಿದ. ಮೇಲಿನ ಸ್ವರಗಳು ಪೆಟ್ಟಿಗೆಯಲ್ಲೇ ಉಳಿದವು. ಆದರೆ ಕೆಳಗಿನ ತಂತಿಯ ಗುದ್ದು ನೆಲ ಹಿಡಿದು ಪಡಸಾಲೆಗೆ ಹೋಯಿತು. ಪಾಠ ಹೇಳುತ್ತಿದ್ದ ಜಯತೀರ್ಥ ಪುಸ್ತಕ ಮುಚ್ಚಿ ಗೋಡೆಗೆ ಮೂರು ಸಲ ಗುದ್ದಿದ. ಬಂಡು ಈಚೆಯಿಂದ ನಾಲ್ಕು ಸಲ ಗುದ್ದಿದ.

ಆಗ ಅವನಿಗೆ ಕಮಲಾಪುರದಲ್ಲಿದ್ದ ಹಿರಿಯರ ಕಾಲದ ದೊಡ್ಡ ಮನೆ, ವಾಡೆ ನೆನಪಾಯಿತು. ಅಲ್ಲಿನ ಹೊಲಗಳೆಲ್ಲ ಭೂಸುಧಾರಣೆಯ ಕಾನೂನಿನಲ್ಲಿ ಉಳುವವರಿಗೆ ಹೋಗಿದ್ದವು. ವಾಡೆ ಮಾತ್ರ ಇಬ್ಬರ ಹೆಸರಿನಲ್ಲಿ ಉಳಿದಿತ್ತು. ಅದರ ಹಿತ್ತಲಲ್ಲಿ ಜೋಳ ತುಂಬಿಡುತ್ತಿದ್ದ ಹಗೇವು ಇತ್ತು. ಎರಡಾಳು ಆಳದ ನೆಲದೊಳಗಿನ ಕಣಜ, ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ. ಹತ್ತು ವರ್ಷದಿಂದ ಬರಿದಾಗಿತ್ತು. ವಾಡೆ ನೋಡಿಕೊಳ್ಳುತ್ತಿದ್ದ ಮಹಾದೇವಮ್ಮ ಪಕ್ಕದಲ್ಲೇ ಇದ್ದಳು.

ಒಂದು ಶನಿವಾರ ಬಂಡು ಬಸ್ಸಿನ ಮೇಲೆ ಸಾಮಾನು ಹೇರಿಕೊಂಡು ಹೋದ. ಅಣ್ಣನನ್ನು ಕೇಳಲಿಲ್ಲ. ಹಗೇವಿನ ಕಲ್ಲು ಸರಿಸಲು ಹೋದಾಗ ಮಹಾದೇವಮ್ಮ ಓಡಿ ಬಂದಳು.

"ತೆರದ ಕೂಡ್ಲೆ ಇಳೀಬ್ಯಾಡ್ರಿ, ಒಳಗಿನ ಗಾಳಿ ಜೀವಾ ತಗೋತದ. ಒಂದ್ ದಿನಾ ಬಾಯಿ ತೆರದು ಬಿಡ್ರಿ. ಆದ್ರ ಸಣ್ಣ ಧಣ್ಯಾರ, ಏನ್ ಇಳಸಾಕತ್ತೀರಿ ಅದರಾಗ?"

"ಸ್ಪೀಕರ್."

"ಕಾಳು ಇಡೂ ಹೊಟ್ಟ್ಯಾಗ ಚೀರೂದು ಇಡ್ತೀರಿ? ಲಕ್ಷ್ಮಿ ಇದ್ದ ಜಾಗಾ ರೀ ಅದು. ದೊಡ್ಡ ಧಣ್ಯಾರಿಗಿ ಗೊತ್ತದ ಇಲ್ಲ?"

"ಗೊತ್ತದ," ಎಂದು ಬಂಡು ಸುಳ್ಳು ಹೇಳಿದ. ಅವಳು ನಂಬಲಿಲ್ಲ.

ಭಾನುವಾರ ಕಂದೀಲು ಇಳಿಬಿಟ್ಟು, ಅದು ಆರದೆ ಉರಿಯುವುದನ್ನು ನೋಡಿ ಒಳಗಿಳಿದ. ಸ್ಪೀಕರನ್ನು ತಳದಲ್ಲಿಟ್ಟು, ಅದರ ಎದುರಿಗೆ ಮೈಕ್ ಕಟ್ಟಿ, ಎರಡೂ ವೈರುಗಳನ್ನು ಮೇಲೆ ತಂದು, ಬಾಯಿಗೆ ಗೋಣಿಚೀಲ ಒಟ್ಟಿ ಕಲ್ಲು ಎಳೆದ. ಆಂಪ್ಲಿಫೈಯರು, ಕ್ಯಾಸೆಟ್ ಡೆಕ್ಕು, ಗಿಟಾರು ವಾಡೆಯ ಒಳಕೋಣೆಯಲ್ಲಿ. ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ವಾಲ್ಯೂಮ್ ಎಂಟಕ್ಕೆ ತಿರುಗಿಸಿ ಒಂದು ತಂತಿ ಮೀಟಿದ.

ತಾನು ನುಡಿಸಿದ್ದನ್ನು ಹಾಗೆ ಅವನು ಎಂದೂ ಕೇಳಿರಲಿಲ್ಲ. ಹಗೇವಿನ ದುಂಡನೆಯ ಗೋಡೆ ನಾದವನ್ನು ಹಿಡಿದು ನಿಧಾನವಾಗಿ ಬಿಡುತ್ತಿತ್ತು. ಹಿತ್ತಲಲ್ಲಿ ನಿಂತಿದ್ದ ಮಹಾದೇವಮ್ಮನಿಗೆ ಕೇಳಿಸಿದ್ದು ಕಾಲಡಿಯಲ್ಲಿ ಜೇನುಹುಳ ಗುಂಯ್‌ಗುಡುವಷ್ಟೇ ಸದ್ದು. ಅಂದು ಸಂಜೆಯೊಳಗೆ ಮೂರು ಧುನ್ ಮುಗಿದವು. ನಾಲ್ಕನೆಯದನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಂಡ. ಅದು ಅವರಪ್ಪ ಬೆಳಗಿನಲ್ಲಿ ಬಾವಿಯಿಂದ ನೀರು ಸೇದುತ್ತ ಗುನುಗುತ್ತಿದ್ದ ಧಾಟಿ.

ಆ ವಾರದ ಸಂತೆಗೆ ಕಲಬುರಗಿಗೆ ಬಂದ ಮಹಾದೇವಮ್ಮ ಬ್ರಹ್ಮಪುರದ ಮನೆಗೆ ಹೋಗಿ ಹಗೇವಿನ ಸುದ್ದಿ ಹೇಳಿದಳು. ಜಯತೀರ್ಥ ಭಾನುವಾರ ಬೆಳಗಿನ ಬಸ್ಸು ಹಿಡಿದ.

ಹನ್ನೊಂದರ ಹೊತ್ತಿಗೆ ಅವನು ಹಿತ್ತಲಿಗೆ ಬಂದಾಗ ಬಂಡು ಒಳಕೋಣೆಯಲ್ಲಿ ನಾಲ್ಕನೆಯ ಧುನ್ ನುಡಿಸುತ್ತಿದ್ದ. ಜಯತೀರ್ಥ ಪಂಚೆ ಎತ್ತಿಕಟ್ಟಿ ಕಲ್ಲು ಸರಿಸಿದ, ಗೋಣಿಚೀಲ ಎಳೆದೊಗೆದ. ಅಪ್ಪನ ಬೆಳಗಿನ ಧಾಟಿ ನೆಲದೊಳಗಿಂದ ಚೀರಿಕೊಂಡು ಅವನ ಮುಖಕ್ಕೆ ಬಡಿಯಿತು. ಅವನು ಒಂದು ಕ್ಷಣ ಹಿಂದೆ ಸರಿದ. ಆಮೇಲೆ ಕೈಗೆ ಸಿಕ್ಕ ಎರಡೂ ವೈರುಗಳನ್ನು ಸೇದುಹಗ್ಗ ಎಳೆದಂತೆ ಎಳೆದ. ಸದ್ದು ನಿಂತಿತು.

ಒಳಗೆ ಹೆಡ್‌ಫೋನ್ ಮೂಕವಾದಾಗ ಮೈಕಿನ ವೈರು ಸಡಿಲವಾಗಿರಬೇಕು ಎಂದುಕೊಂಡ ಬಂಡು. ಆಂಪ್ಲಿಫೈಯರ್ ಸೆಟ್ ಬಂದ್ ಮಾಡಲಿಲ್ಲ. ಬದಲು ವಾಲ್ಯೂಮ್ ಹತ್ತಕ್ಕೆ ಏರಿಸಿ ಜೋರಾಗಿ ಮೀಟಿ ನೋಡಿದ, ಮತ್ತೆ ಮೀಟಿದ. ಡಾಂಬರು ಸುಟ್ಟ ವಾಸನೆ ಬಂತು. ಹಿಂದಿನ ಹಲಗೆಯ ಸಂದಿಯಿಂದ ಹೊಗೆ ಎದ್ದಿತು. ಪ್ಲಗ್ ಕಿತ್ತು ಹಿತ್ತಲಿಗೆ ಓಡಿದರೆ ಅಣ್ಣ ವೈರು ಹಿಡಿದು ನಿಂತಿದ್ದ.

ಬಂಡು ಅವನ ಎದೆಗೆ ಕೈಹಾಕಿ ತಳ್ಳಿದ. ಜಯತೀರ್ಥ ಹಗೇವಿನ ಬಾಯಿಯ ಪಕ್ಕಕ್ಕೇ ಬಿದ್ದ. ಒಂದು ಮೊಳ ಆಚೆ ಬಿದ್ದಿದ್ದರೆ ಒಳಗೇ ಹೋಗುತ್ತಿದ್ದ. ಮಹಾದೇವಮ್ಮ ಬಾಯಿ ಬಡಿದುಕೊಂಡು ನಡುವೆ ಬಂದು ನಿಂತಳು. ಜಯತೀರ್ಥ ಎದ್ದು, ಮೊಣಕೈಯ ಮಣ್ಣು ಕೊಡವಿ, ಅವಳಿಗೆ ಹೇಳಿದ: "ಅಪ್ಪನ್ನ ತಂದು ಇಲ್ಲಿ ಹೂಳಿದಾನ. ಅವಗ ಹೇಳು, ಇನ್ನ ನನಗ ತಮ್ಮ ಇಲ್ಲ ಅಂತ." ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದ.

ವಹಾಬ್ ಸೆಟ್ ಬಿಚ್ಚಿ ಮೂಸಿ ನೋಡಿದ. "ಟ್ರಾನ್ಸ್‌ಫಾರ್ಮರ್ ಖತಂ. ಸ್ಪೀಕರ್ ಇಲ್ದ ಓಡಿದ್ರ ಇದರ ಜೋರು ಎಲ್ಲಿಗಿ ಹೋಗಬೇಕು? ತನ್ನ ಮೈ ತಾನೇ ಸುಟ್ಕೋತದ. ಆವಾಜ್ ನಿಂತ ಕೂಡ್ಲೆ ಬಂದ್ ಮಾಡಿದ್ರಿ ಇಲ್ಲ?"

"ಮಾಡ್ದೆ," ಅಂದ ಬಂಡು.

ಕೋರ್ಟಿನ ಜೊತೆಗಾರರಿಗೂ ಆರ್ಕೆಸ್ಟ್ರಾದವರಿಗೂ ಅವನು ಹೇಳಿದ್ದು ಒಂದೇ ಮಾತು: ಅಣ್ಣ ಸುಟ್ಟ.

ವಹಾಬ್ ಇಪ್ಪತ್ತು ದಿನ ಹಿಡಿದು ಟ್ರಾನ್ಸ್‌ಫಾರ್ಮರಿಗೆ ಹೊಸದಾಗಿ ತಂತಿ ಸುತ್ತಿದ. ಜೊತೆಗೆ ಒಂದು ತಗಡಿನ ಡಬ್ಬಿಯನ್ನೂ ಕೊಟ್ಟ. ಒಳಗೆ ಕರೆಂಟಿನ ಒಲೆಯ ಕಾಯಿಲ್‌ಗಳು. "ಇದಕ್ಕ ಸೆಟ್ ಮತ್ತ ಸ್ಪೀಕರ್ ನಡುವ ಹಾಕ್ರಿ. ಸೆಟ್ ಒಳಗ ಪೂರಾ ಚೀರ್ತದ. ಚೀರಿದ್ದೆಲ್ಲಾ ಇದರಾಗ ಬಿಸಿ ಆಗಿ ಹೋಗ್ತದ. ಸ್ಪೀಕರ್‌ಗಿ ಚೂರು ಹೋಗ್ತದ. ಬಾಜೂ ಮನ್ಯಾಗ ಮಗು ಮಲಗಿದ್ರೂ ಏಳಂಗಿಲ್ಲ."

ಬಂಡು ಎರಡನ್ನೂ ಮನೆಗೆ ತಂದು, ಹಗೇವಿನಿಂದ ಮೇಲೆತ್ತಿ ತಂದಿಟ್ಟಿದ್ದ ಸ್ಪೀಕರಿಗೆ ಜೋಡಿಸಿ ನೋಡಿದ. ವಹಾಬ್ ಹೇಳಿದ್ದು ನಿಜವಾಗಿತ್ತು. ಅದೇ ದಪ್ಪ ನಾದ, ಅದೇ ಒಡಕು, ಆದರೆ ಇಬ್ಬರು ಮಾತಾಡುವಷ್ಟೇ ಸದ್ದು. ಡಬ್ಬಿ ಮುಟ್ಟಿದರೆ ಕೈ ಸುಡುತ್ತಿತ್ತು. ಇಷ್ಟು ದಿನ ಬೇಕಾಗಿದ್ದದ್ದು ಅವನ ಕೈಯಲ್ಲಿತ್ತು. ಗೋಡೆಯಾಚೆ ಜಯತೀರ್ಥ ಪಾಠ ಶುರುಮಾಡಿದ. ಆ ದನಿ ಕೇಳಿದೊಡನೆ ಬಂಡು ಡಬ್ಬಿ ತೆಗೆದು ಮಂಚದ ಕೆಳಗೆ ನೂಕಿದ. ಸ್ಪೀಕರಿನ ಮುಖವನ್ನು ಪಡಸಾಲೆಯ ಗೋಡೆಗೆ ತಿರುಗಿಸಿ ವಾಲ್ಯೂಮ್ ಹತ್ತಕ್ಕೆ ಇಟ್ಟ.

ದಿನಾ ಐದರಿಂದ ಆರೂವರೆ. ಧುನ್ ಏನೂ ಇರಲಿಲ್ಲ, ಕೆಳಗಿನ ತಂತಿಯನ್ನು ಸುಮ್ಮನೆ ಜಗ್ಗುತ್ತಿದ್ದ. ಮೂರನೆಯ ದಿನಕ್ಕೆ ಪಾಠಕ್ಕೆ ನಾಲ್ವರು ಉಳಿದರು. ಎಂಟನೆಯ ದಿನ ಒಬ್ಬರೂ ಬರಲಿಲ್ಲ. ಜಯತೀರ್ಥ ಖಾಲಿ ಚಾಪೆಗಳ ಮುಂದೆ ಕೂತು ಪಾಠ ಓದಿದ. ಬಂಡು ನಿಲ್ಲಿಸಲಿಲ್ಲ.

ಹನ್ನೊಂದನೆಯ ದಿನ ಮುಕ್ತಾಬಾಯಿ ಅವನ ಕೋಣೆಗೆ ಬಂದು ಸ್ವಿಚ್ ಆರಿಸಿದಳು.

"ಏನಂದ?" ಎಂದು ಕೇಳಿದ ಬಂಡು.

"ಅವರೇನೂ ಅಂದಿಲ್ಲ. ನಾ ಅನ್ಲಿಕತ್ತೀನಿ. ಆರು ವರ್ಷ ನಿಮ್ಮಿಬ್ಬರ ಹೊಲಸು ನನ್ನ ಬಾಯಾಗ ಇಟ್ಕೊಂಡು ಅಡ್ಡಾಡೀನಿ. ಅವರ ಬೈಗಳಾ ನಿನಗ, ನಿನ್ನ ಬೈಗಳಾ ಅವರಿಗ. ನನ್ನ ಮಾತು ಯಾವದು ಅಂತ ನನಗಽ ಮರ್ತು ಹೋಗ್ಯದ. ನಾಳಿಂದ ನಾ ಇಲ್ಲ. ಬಡದಾಡ್ರಿ."

ಮರುದಿನ ಬೆಳಿಗ್ಗೆ ಅವಳು ಅಫಜಲಪುರದ ತವರಿಗೆ ಹೋದಳು.

ಮನೆಯಲ್ಲಿ ಇಬ್ಬರೇ ಉಳಿದರು. ಜಯತೀರ್ಥ ತಾನೇ ಅಡಿಗೆ ಮಾಡಿಕೊಂಡ. ಬಂಡು ಖಾನಾವಳಿಯಲ್ಲಿ ಉಂಡ. ನಳ ಬಂದದ್ದನ್ನು ಒಬ್ಬ ಇನ್ನೊಬ್ಬನಿಗೆ ಹೇಳಲಿಲ್ಲ; ಎರಡು ದಿನ ಹಂಡೆ ಒಣಗಿತು. ಬಂಡು ಗಿಟಾರ್ ಮುಟ್ಟಲಿಲ್ಲ. ಐದನೆಯ ಸಂಜೆ ಜಯತೀರ್ಥ ಅವನ ಬಾಗಿಲಲ್ಲಿ ಬಂದು ನಿಂತ. ಹೇಳಿಕಳಿಸಲು ಯಾರೂ ಇರಲಿಲ್ಲ.

"ವೈರ್ ಜಗ್ಗಿದ್ರ ಅದು ಸುಡ್ತದ ಅಂತ ನನಗ ಗೊತ್ತಿದ್ದಿಲ್ಲ."

"ಗೊತ್ತಿದ್ರ ಬಿಡ್ತಿದ್ದೇನು?"

ಜಯತೀರ್ಥ ಸ್ವಲ್ಪ ಯೋಚಿಸಿ, "ಇಲ್ಲ. ಗೊತ್ತಿದ್ರೂ ಜಗ್ತಿದ್ದೆ," ಅಂದ.

ಬಂಡುವಿಗೆ ಸಿಟ್ಟು ನೆತ್ತಿಗೇರಿತು. ಆದರೆ ಬಾಯಿಂದ ಬಂದದ್ದು ಬೇರೆ. "ನಾನೂ ಬಂದ್ ಮಾಡ್ಲಿಲ್ಲ. ಇನ್ನೂ ಜೋರ್ ಮಾಡ್ದೆ."

"ಮತ್ತ ಊರ ತುಂಬ ನನ್ನ ಹೆಸರು ಹೇಳ್ಕೋತ ಅಡ್ಡಾಡಿದಿ."

"ಹೌದು."

"ಹಗೇವಿನ್ಯಾಗ ದಬ್ಬತಿದ್ದಿ ನನ್ನ."

"ದಬ್ಬಿಲ್ಲ. ಬಿದ್ದಿ."

ಅಲ್ಲಿಂದ ಜಗಳ ಶುರುವಾಯಿತು. ಸೂತಕ, ಸೇಡಂ, ಮಡಿಬಟ್ಟೆ, ಫ್ಯೂಜು, ಪೊಲೀಸ್ ಅರ್ಜಿ, ಆರು ವರ್ಷ ಇನ್ನೊಬ್ಬರ ಬಾಯಿಂದ ಸವೆದು ಬಂದ ಬೈಗುಳಗಳೆಲ್ಲ ಈಗ ನೇರವಾಗಿ ಬಂದವು. ಓಣಿಯವರು ಕಟ್ಟೆಯ ಮೇಲೆ ನಿಂತು ಕೇಳಿದರು. ಗಂಟಲು ಕಟ್ಟಿದ ಮೇಲೆ ಕರಾರಿಗೆ ಬಂದರು. ಪಾಠದ ಹೊತ್ತಿನಲ್ಲಿ ಸೆಟ್ ಹಚ್ಚಬಾರದು. ಉಳಿದ ಹೊತ್ತಿನಲ್ಲಿ ತಗಡಿನ ಡಬ್ಬಿ ಹಾಕಿಕೊಂಡೇ ನುಡಿಸಬೇಕು. ಫ್ಯೂಜಿಗೆ ಯಾರೂ ಕೈಹಚ್ಚಬಾರದು.

"ಅಪ್ಪನ ಧಾಟಿ ನುಡಸಬ್ಯಾಡ," ಅಂದ ಜಯತೀರ್ಥ.

"ನಿನಗೊಬ್ಬನಿಗೇ ಅಪ್ಪ ಏನು?"

ಅದೊಂದು ಮಾತ್ರ ಇತ್ಯರ್ಥವಾಗಲಿಲ್ಲ.

ಮುಂದಿನ ಭಾನುವಾರ ಬಂಡು ತನ್ನ ಕೋಣೆಯಲ್ಲೇ ಡಬ್ಬಿ ಹಾಕಿ ನಾಲ್ಕನೆಯ ಧುನ್ ರೆಕಾರ್ಡ್ ಮಾಡಿದ. ಹಗೇವಿನ ಗುಂಗು ಅದರಲ್ಲಿ ಇರಲಿಲ್ಲ. ಹೊಸ ಟ್ರಾನ್ಸ್‌ಫಾರ್ಮರಿನ ದನಿ ಸ್ವಲ್ಪ ಒರಟಾಗಿತ್ತು. ಹಾಗೇ ಹೈದರಾಬಾದಿಗೆ ಕಳಿಸಿದ. ತಿಂಗಳ ಮೇಲೆ ಉತ್ತರ ಬಂತು: ಮೊದಲ ಮೂರು ಒಪ್ಪಿಗೆ, ನಾಲ್ಕನೆಯದು ಬೇಡ.

ಆ ಹೊತ್ತಿಗೆ ಮುಕ್ತಾಬಾಯಿ ತಿರುಗಿ ಬಂದಿದ್ದಳು. ಬಂಡು ಕಾಗದವನ್ನು ಅವಳಿಗೆ ತೋರಿಸಲಿಲ್ಲ, ಪಡಸಾಲೆಯ ಬಾಗಿಲಲ್ಲಿ ನಿಂತು ತಾನೇ ಓದಿ ಹೇಳಿದ.

"ಚಲೋ ಆತು," ಅಂದ ಜಯತೀರ್ಥ, ಪುಸ್ತಕದಿಂದ ತಲೆ ಎತ್ತದೆ. "ಅದು ಮಾರೂದಲ್ಲ."

"ನಿನ್ನ ಕೇಳ್ಲಿಕ್ಕೆ ಬಂದಿಲ್ಲ ನಾ."

"ಮತ್ಯಾಕ ಬಂದು ಹೇಳ್ದಿ?"

ಬಂಡು ಬಾಗಿಲು ರಪ್ಪನೆ ಹಾಕಿಕೊಂಡು ಹೋದ. ಮುಕ್ತಾಬಾಯಿ ಅಡಿಗೆಮನೆಯಿಂದ ಎಲ್ಲವನ್ನೂ ಕೇಳಿದಳು. ಹೊರಗೆ ಬರಲಿಲ್ಲ. ಅಕ್ಕಿ ಆರಿಸುವುದನ್ನು ಮುಂದುವರಿಸಿದಳು.